ಮಗ್ಗಗಳು ನಿಂತ ಗಳಿಗೆ

ಇಸವಿ ತೊಂಬತ್ತೆರಡೋ ತೊಂಬತ್ತಮೂರೋ ಇರಬೇಕು. ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಎದುರುಮನೆಯಾಕೆ ಬಾಗಿಲಲ್ಲಿ ನಿಂತು ಕೂಗಿದಳು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ, ಪವರ್‌ಲೂಮ್ ಸದ್ದಿನ ನಡುವೆ, ಕೂಗದೆ ಮಾತಿಲ್ಲ.

“ಅಕ್ಕಾ, ನಿಮ್ ಹುಡುಗಿ ಅಣ್ಣ ಬಸ್ ಇಳ್ದವ್ನೆ. ಕರ್ಕೊಂಡ್ ಹೋಗಕ್ ಬಂದವ್ನಂತೆ!”

ಹುಡುಗಿ ಎಂದರೆ ಮೂವತ್ತರ ಹೆಂಗಸು, ನನ್ನ ಓರಗಿತ್ತಿಯ ತಂಗಿ. ಬುದ್ಧಿ ಮಾತ್ರ ಐದು ವರ್ಷದ ಮಗುವಿನದು. ಅಕ್ಕನ ಹಿಂದೆ ನಮ್ಮ ಮನೆಗೆ ಬಂದವಳು, ಅಕ್ಕ ತೀರಿಕೊಂಡ ಮೇಲೂ ಇಲ್ಲೇ ಉಳಿದಳು. “ಸಂಕ್ರಾಂತಿ ಕಳೀಲಿ, ಕರ್ಕೊಂಡ್ ಹೋಗ್ತೀನಿ” ಎಂದಿದ್ದ ಅಣ್ಣ. ನಾಲ್ಕು ಸಂಕ್ರಾಂತಿ ಕಳೆದಿದ್ದವು. ಕಾಗದವಿಲ್ಲ, ಪತ್ರವಿಲ್ಲ.

ಅವನು ನೇಯ್ಗೆ ಬಿಟ್ಟು ದೊಡ್ಡಬೆಳವಂಗಲದ ಕಡೆ ಬೇಸಾಯ ಹಿಡಿದವನು. ಕೆಟ್ಟವನಲ್ಲ.

“ಊರಲ್ಲಿ ಆಡ್ಕೋತಾರಕ್ಕ, ಒಡಹುಟ್ಟಿದೋಳ್ನ ಇನ್ನೊಬ್ರ ಮನೇಲಿ ಬಿಟ್ಟವ್ನೆ ಅಂತ. ಈಗ ನಮ್ಗೂ ಮಗು ಆಗದೆ. ತೊಟ್ಲು ತೂಗ್ಕೊಂಡಾದ್ರೂ ಇರ್ತಾಳೆ.”

“ಅವಳನ್ನೇ ಒಬ್ರು ತೂಗ್ಬೇಕಲ್ಲಪ್ಪಾ!”

ಅವನು ನಕ್ಕ. ನನಗೆ ನಗು ಬರಲಿಲ್ಲ. ಒಡಹುಟ್ಟಿದವನು ಕೇಳಿದರೆ ಇಲ್ಲ ಎನ್ನಲು ನಾನು ಯಾರು? ಚೌಡೇಶ್ವರಮ್ಮನ ಪಟದ ಮುಂದೆ ನಿಂತೆ. ಏನು ಬೇಡಿಕೊಳ್ಳಬೇಕೋ ತೋಚಲಿಲ್ಲ. ಹುಡುಗಿಯ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿದೆ, ತಲೆ ಬಾಚಿ ಕುಂಕುಮವಿಟ್ಟೆ. ಬಸ್ಸಿನಲ್ಲಿ ಹೋಗುವುದೆಂದರೆ ಅವಳಿಗೆ ಖುಷಿಯೋ ಖುಷಿ. ಅಣ್ಣನ ಕೈಹಿಡಿದು ಹೊಸ್ತಿಲು ದಾಟಿದಳು.

ಆಗ ಕರೆಂಟ್ ಹೋಯಿತು.

ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಹಾಗೆ ಸದ್ದಡಗಿದರೆ ಅವಳಿಗೆ ಮೊದಲಿನಿಂದಲೂ ಭಯ. ಅಣ್ಣನ ಕೈ ಕೊಸರಿಕೊಂಡು ಓಡಿಬಂದು, ನನ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡುಗುತ್ತಾ ನಿಂತಳು. ಕರೆಂಟ್ ಹೋದಾಗಲೆಲ್ಲ ಹೀಗೇ. ನಾನೂ ಎಂದಿನಂತೆ “ಟಕಟಕ, ಟಕಟಕ” ಎಂದು ಬಾಯಲ್ಲೇ ಮಗ್ಗ ಓಡಿಸುತ್ತಾ ಬೆನ್ನು ತಟ್ಟಿದೆ.

ಅವನು ನೋಡುತ್ತಲೇ ಇದ್ದ.

“ನಮ್ಮೂರಲ್ಲಿ ಮಗ್ಗಾನೇ ಇಲ್ವಲ್ಲಕ್ಕ” ಎಂದ. “ತೋಟದ ಮನೆ. ದಿನಪೂರ್ತಿ ಹಿಂಗೇನೆ, ಸದ್ದೇ ಇರಾಕಿಲ್ಲ.”

ಅವನೇ ಚೀಲವನ್ನು ತಂದು ಒಳಗಿಟ್ಟ.

“ಇಲ್ಲೇ ಇರ್ಲಿ ಬುಡಕ್ಕ. ಜನ ಏನಾರ ಅಂದ್ಕಳ್ಲಿ. ಹಬ್ಬಕ್ಕೆ ಹಬ್ಬಕ್ಕೆ ನಾನೇ ಬಂದ್ ನೋಡ್ಕೊಂಡ್ ಹೋಗ್ತೀನಿ.”

ಹೊರಗೆ ಬೀದಿಯವರೆಲ್ಲ ಕರೆಂಟಿಗೆ ಶಾಪ ಹಾಕುತ್ತಿದ್ದರು. ನಾನೊಬ್ಬಳೇ ಅಮ್ಮನ ಪಟದ ಕಡೆ ತಿರುಗಿ ಕೈಮುಗಿದೆ. ಅವನು ಉಂಡೇ ಹೋಗಲಿ ಎಂದು ಮತ್ತೆ ಅವರೆಕಾಳಿನ ಮುಂದೆ ಕೂತೆ. ಸೆರಗು ಬಿಡದೆ ಅವಳೂ ಪಕ್ಕದಲ್ಲೇ ಕೂತು ಒಂದೊಂದೇ ಕಾಳು ಹಿಸುಕತೊಡಗಿದಳು.