ಪಂಚಮಿಗೆ ಮೊದಲು ಸುಟ್ಟ ಹಾಡು

ಕಬನೂರಿನ ನಮ್ಮ ಮನೆಯಲ್ಲಿ ಮಾತಾಡಬೇಕೆಂದರೆ ಒಂದೋ ಕೂಗಬೇಕು, ಇಲ್ಲವೇ ಕರೆಂಟು ಹೋಗುವವರೆಗೆ ಕಾಯಬೇಕು. ಪಡಸಾಲೆಯ ಗೋಡೆಯಾಚೆಗೇ ಅಪ್ಪನ ಕರೆಂಟಿನ ಮಗ್ಗಗಳ ಶೆಡ್ಡು. ಹಗಲೂ ರಾತ್ರಿ ಖಟ್ ಖಟ್ ಖಟ್. ನಮಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಮಗ್ಗ ನಿಂತರೇ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಹೊಸದಾಗಿ ಮದುವೆಯಾಗಿ ನೇಸರಿಯಿಂದ ಬಂದ ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ, ಮಾತ್ರ ಈ ಗದ್ದಲದಲ್ಲಿ ದಿಕ್ಕೇ ತೋಚುತ್ತಿರಲಿಲ್ಲ. ಹಾಡಿಲ್ಲದೆ ಕಸವನ್ನೂ ಗುಡಿಸದ ಹುಡುಗಿ ಅವಳು. ಇಲ್ಲಿ ಹಾಡಿದರೆ ಅವಳ ಹಾಡು ಅವಳಿಗೇ ಕೇಳಿಸುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ದಿನಾ ಎಸ್.ಟಿ. ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೆ. ಮನೆಯಲ್ಲಿ ನನ್ನದೇ ಒಂದು ಕಂಪ್ಯೂಟರ್ ಇತ್ತು. ಕಂಪ್ಯೂಟರ್ ಅಂದಕೂಡಲೇ ಈಗಿನವರು ಪರದೆ ನೆನೆಸಿಕೊಳ್ಳುತ್ತಾರೆ. ನನ್ನದು ಊಟದ ತಾಟಿನಷ್ಟು ದೊಡ್ಡ ಹಸಿರು ಬೋರ್ಡು, ಮೇಲೆ ಅಂಕಿ ಒತ್ತುವ ಗುಂಡಿಗಳು, ಅಂಕಿ ತೋರಿಸುವ ಕೆಂಪು ದೀಪಗಳು, ಮೂಲೆಗೆ ಹಳೆಯ ಟ್ರಾನ್ಸಿಸ್ಟರಿನಿಂದ ಕಿತ್ತ ಸ್ಪೀಕರು. ಪ್ರತಿಯೊಂದು ಬೆಸುಗೆಯನ್ನೂ ನಾನೇ ಹಾಕಿದ್ದರಿಂದ ನನಗೆ ಕೊಬ್ಬು ತುಸು ಹೆಚ್ಚೇ ಇತ್ತು.

ಶ್ರಾವಣ ಹತ್ತಿರ ಬಂದಾಗ ವೈನಿಯ ಊರಿನ ಜೋಕಾಲಿ ಹಾಡೊಂದನ್ನು ಅದಕ್ಕೆ ಕಲಿಸಿದೆ. ಸರಿಗಮದ ಏಳು ಸ್ವರಗಳಿಗೆ ಒಂದರಿಂದ ಏಳರವರೆಗೆ ಅಂಕಿ. ವೈನಿ ನನ್ನ ಕಿವಿಯ ಹತ್ತಿರ ಗುನುಗಬೇಕು, ನಾನು ಅಂಕಿ ಹುಡುಕಿ ಒತ್ತಬೇಕು. ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ನಿಂತವು, ಕೇಳಲಿಕ್ಕೆ ಬೇಕಾದ ಮೌನ ಸಿಕ್ಕಿತು, ಆದರೆ ಯಂತ್ರವೂ ಮೂಕವಾಯಿತು. ಕರೆಂಟು ಬಂದ ಮೇಲೆ ನೋಡಿದರೆ ಕಲಿಸಿದ್ದೆಲ್ಲ ಮರೆತು ಕುಳಿತಿತ್ತು.

“ಮಗ್ಗ ಹಾಡೂವಾಗ ಇದು ಕೇಳಂಗಿಲ್ಲ, ಮಗ್ಗ ನಿಂತಾಗ ಇದು ಹಾಡಂಗಿಲ್ಲ. ಹಿಂಗಾದ್ರ ಯಾರು ಕೇಳೂದು ತಂಗಿ?” ಎಂದಳು ವೈನಿ.

ನನಗೆ ಸಿಟ್ಟು ಬಂತು, ಯಾಕೆಂದರೆ ಮಾತು ಖರೇ ಇತ್ತು. ಕರೆಂಟು ಹೋದರೂ ಮರೆಯದ ಚಿಪ್ಪೊಂದನ್ನು ಕಾಲೇಜಿನ ಸರ್ ಹತ್ತಿರ ಕಾಡಿ ಬೇಡಿ ತಂದೆ. ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿಯಿದ್ದ ಕರೀ ಜರಿಹುಳದಂಥ ವಸ್ತು. ಅದರಲ್ಲಿ ಬರೆಯುವ ಯಂತ್ರ ಕೊಳ್ಳುವುದಂತೂ ಕನಸಿನ ಮಾತು, ಹಾಗಾಗಿ ಬಿಸ್ಕೀಟಿನ ಡಬ್ಬಿಯ ಮುಚ್ಚಳದ ಮೇಲೆ ನಾನೇ ಮಾಡಿದೆ. ಒಂದು ಸಾಲು ಸ್ವಿಚ್ಚು ಚಿಪ್ಪಿನ ಯಾವ ಮನೆಯಲ್ಲಿ ಬರೆಯಬೇಕು ಎನ್ನುವುದಕ್ಕೆ, ಇನ್ನೊಂದು ಸಾಲು ಏನು ಬರೆಯಬೇಕು ಎನ್ನುವುದಕ್ಕೆ. ಚಿಪ್ಪಿಗೆ ಬೇಕಾದ ಜೋರು ವೋಲ್ಟೇಜಿಗೆ ರೇಡಿಯೋದ ಚೌಕ ಬ್ಯಾಟರಿ ಮೂರನ್ನು ಒಂದಕ್ಕೊಂದು ಜೋಡಿಸಿದೆ. ಕೊನೆಗೊಂದು ಕೆಂಪು ಗುಂಡಿ. ಒಮ್ಮೆ ಒತ್ತಿದರೆ ಒಂದು ಅಂಕಿ ಅಚ್ಚೊತ್ತಿ ಕೂರುತ್ತದೆ. ಇದಕ್ಕೆ ನಮ್ಮ ಎಲೆಕ್ಟ್ರಾನಿಕ್ಸ್ ಮಂದಿಯ ಮಾತಿನಲ್ಲಿ ‘ಸುಡುವುದು’ ಅನ್ನುತ್ತಾರೆ. ಚಿಪ್ ಚಿಪ್ ಎಂದು ಕುಣಿಯುವ ನಿನ್ನ ಕೈಗೆ ಕಡೆಗೆ ತೆಂಗಿನ ಚಿಪ್ಪೇ ಗತಿ ಎಂದು ಅಪ್ಪ ಊಟಕ್ಕೆ ಕೂತಾಗೆಲ್ಲ ಚೇಷ್ಟೆ ಮಾಡುತ್ತಿದ್ದರು.

ಇದಕ್ಕೊಂದು ಕಠಿಣ ನಿಯಮವಿತ್ತು. ಹೊಸ ಚಿಪ್ಪಿನ ಒಳಗೂ ಪುಟ್ಟ ಸ್ವಿಚ್ಚುಗಳಿದ್ದು, ಎಲ್ಲವೂ ಮೇಲೆದ್ದಿರುತ್ತವೆ ಅಂದುಕೊಳ್ಳಿ. ಸುಟ್ಟರೆ ಕೆಳಗಿಳಿಯುತ್ತವೆ. ಇಳಿದದ್ದನ್ನು ಮತ್ತೆ ಎತ್ತಲಿಕ್ಕೆ ಬರುವುದಿಲ್ಲ, ಸಾರಿಗೆ ಬಿದ್ದ ಉಪ್ಪಿನ ಹಾಗೆ. ಎತ್ತಲೇಬೇಕೆಂದರೆ ಆ ಗಾಜಿನ ಕಿಟಕಿಗೆ ವಾರಗಟ್ಟಲೆ ಕಡಕ್ ಬಿಸಿಲು ಕುಡಿಸಿ, ಬರೆದದ್ದನ್ನೆಲ್ಲ ಅಳಿಸಬೇಕು. ಶ್ರಾವಣದಲ್ಲಿ ನಮ್ಮ ಕಡೆ ಲಂಗವೇ ಒಣಗುವುದಿಲ್ಲ, ಇನ್ನು ಚಿಪ್ಪಿನ ಮಾತೆಲ್ಲಿ?

ವೈನಿಗೆ ಅದು ಮದುವೆಯಾದ ಮೇಲಿನ ಮೊದಲ ನಾಗರಪಂಚಮಿ. ಅವಳ ಅಣ್ಣ ಬಂದು ತವರಿಗೆ ಕರೆದೊಯ್ಯಬೇಕು, ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಮಳೆ ಹೊಡೆದು ಹೊಳೆ ಏರಿತು. ಗಡಹಿಂಗ್ಲಜದಿಂದ ಮುಂದೆ ಬಸ್ಸು ಬಂದ್ ಆಗಿವೆ ಎಂಬ ಸುದ್ದಿ ಬಂತು. ಕಟ್ಟಿಟ್ಟಿದ್ದ ಗಂಟನ್ನು ವೈನಿ ಬಿಚ್ಚಿ ಸೀರೆಗಳನ್ನು ಟ್ರಂಕಿಗೆ ಇಟ್ಟಳು. ಅವಳನ್ನು ನೇಸರಿಗೆ ಕರೆದೊಯ್ಯುವುದು ನನ್ನ ಕೈಯಲ್ಲಿರಲಿಲ್ಲ. ನೇಸರಿಯ ಹಾಡನ್ನಾದರೂ ಹಬ್ಬಕ್ಕೆ ಕೇಳಿಸಲೇಬೇಕು ಎಂದು ಹಟ ಹಿಡಿದೆ.

ಹಬ್ಬದ ಹಿಂದಿನ ದಿನ ಇಬ್ಬರೂ ಡಬ್ಬಿಯ ಮುಂದೆ ಕುಳಿತೆವು. ಅಂಕಿಗಳನ್ನು ನಾನು ಬಾಗಿಲ ಮೇಲೆ ಸುಣ್ಣದಕಡ್ಡಿಯಿಂದ ಬರೆದಿದ್ದೆ. ವೈನಿ ಒಂದೊಂದನ್ನೇ ಓದಿ ಹೇಳಬೇಕು, ನಾನು ಸ್ವಿಚ್ಚು ತಿರುಗಿಸಿ ಗುಂಡಿ ಒತ್ತಬೇಕು. ಅವ್ವ ಶೇಂಗಾ ಉಂಡಿ ಕಟ್ಟಲು ಸೊಸೆಯನ್ನು ಎರಡು ಸಲ ಕರೆದು, ಮೂರನೇ ಸಲ ಬುಟ್ಟಿಯನ್ನೇ ಪಡಸಾಲೆಗೆ ತಂದಿಟ್ಟಳು. ಬೆಲ್ಲದ ಕೈಯಿಂದ ಉಂಡಿ ಕಟ್ಟುತ್ತಲೇ ವೈನಿ ಅಂಕಿ ಕೂಗಿದಳು. ಮಧ್ಯಾಹ್ನದ ಹೊತ್ತಿಗೆ ಹಾಡು ಮುಗಿಯಿತು.

ಚಿಪ್ಪನ್ನು ಬೋರ್ಡಿಗೆ ಸಿಗಿಸಿ ತಾಳೆ ನೋಡುತ್ತ ಬಂದರೆ ಪಲ್ಲವಿಯ ನಡುವೆ ಮೂರು ಇರಬೇಕಾದಲ್ಲಿ ಆರು. ಮಗ್ಗದ ಸದ್ದಿನಲ್ಲಿ ಅವಳ ‘ಮೂರು’ ನನಗೆ ‘ಆರು’ ಎಂದು ಕೇಳಿಸಿತ್ತು. ಸ್ಕ್ರೂಡ್ರೈವರ್ ಎತ್ತಿ ಒಗೆದೆ. ಅದು ಉಂಡಿಯ ಬುಟ್ಟಿಗೇ ಹೋಗಿ ಬಿತ್ತು.

ಚಿಪ್ಪು ಪ್ರತಿ ಅಂಕಿಯನ್ನೂ ನಾಲ್ಕು, ಎರಡು, ಒಂದು ಬೆಲೆಯ ಸ್ವಿಚ್ಚುಗಳನ್ನು ಕೂಡಿಸಿ ಬರೆಯುತ್ತದೆ. ಆರು ಎಂದರೆ ನಾಲ್ಕರದೊಂದು, ಎರಡರದೊಂದು ಸ್ವಿಚ್ಚು ಮೇಲಿರುತ್ತವೆ. ಒಂದರದು ಇಳಿದುಹೋಗಿದೆ. ಮೂರಕ್ಕೆ ಆ ಒಂದು ಬೇಕೇ ಬೇಕು. ಉಳಿದದ್ದರಲ್ಲಿ ನಾಲ್ಕು ಮಾಡಬಹುದು, ಎರಡು ಮಾಡಬಹುದು. ಆಚೆಯ ಮನೆ, ಈಚೆಯ ಮನೆ ಎರಡೂ ಸಿಗುತ್ತವೆ, ನಮ್ಮ ಮನೆ ಮಾತ್ರ ಸಿಗುವುದಿಲ್ಲ. ಚಿಪ್ಪಿನಲ್ಲಿ ಖಾಲಿ ಜಾಗ ಬೇಕಾದಷ್ಟಿತ್ತು, ಮೊದಲಿನಿಂದ ಬರೆಯಬಹುದಿತ್ತು. ಆದರೆ ಬ್ಯಾಟರಿಗಳು ಸೋತಿದ್ದವು. ನಾಳೆ ಹೊಸವು ತಂದು ನೋಡೋಣವೆಂದರೆ ಅವ್ವ ಅಡ್ಡ ನಿಂತಳು. ಪಂಚಮಿಯ ದಿನ ಒಲೆಯ ಮೇಲೆ ಹಂಚು ಕೂಡ ಇಡಬಾರದು, ನಾಗಪ್ಪನಿಗೆ ತಾಪವಾಗುತ್ತದೆ; ನನ್ನ ಬಾಯಲ್ಲಿ ವಾರದಿಂದ ‘ಸುಡುವುದು’ ಎಂಬ ಮಾತನ್ನೇ ಕೇಳಿದ್ದಳು. ಚಿಪ್ಪಾದರೇನು, ರೊಟ್ಟಿಯಾದರೇನು, ನಾಳೆ ಈ ಮನೆಯಲ್ಲಿ ಏನೂ ಸುಡುವಂತಿಲ್ಲ ಎಂದು ಹೇಳಿ ಒಳಗೆ ಹೋದಳು.

ವೈನಿ ನನ್ನ ಕಿವಿಗೆ ಬಾಯಿ ಹಚ್ಚಿ ಪಲ್ಲವಿಯನ್ನು ಆ ಜಾಗದಲ್ಲಿ ಎರಡು ಇಟ್ಟು ಹಾಡಿದಳು. ಆಮೇಲೆ ನಾಲ್ಕು ಇಟ್ಟು ಹಾಡಿದಳು. ಹಾಡುತ್ತಿದ್ದವಳು ಥಟ್ಟನೆ ನಿಂತು ನನ್ನ ಮುಖ ನೋಡಿದಳು.

“ನಾಕ ಇರಲಿ,” ಎಂದಳು.

ಯಾಕೆಂದು ಕೇಳಿದರೆ ಕೆಂಪು ಗುಂಡಿಯ ಕಡೆ ಬೆರಳು ತೋರಿಸಿದಳು. ಇದ್ದ ಚೂರು ಬ್ಯಾಟರಿಯಲ್ಲಿ ಉಸಿರು ಹಿಡಿದು ಗುಂಡಿ ಒತ್ತಿದೆ. ನಾಲ್ಕು ಕೂತಿತು. ಬೆಳಕು ಬೀಳದಂತೆ ಚಿಪ್ಪಿನ ಗಾಜಿನ ಕಿಟಕಿ ಮುಚ್ಚಬೇಕಿತ್ತು. ಕನ್ನಡಿಯ ಮೇಲೆ ಅಂಟಿಸಿಟ್ಟಿದ್ದ ತನ್ನ ಹಣೆಯ ಹಳೇ ಟಿಕಳಿ ಬೊಟ್ಟನ್ನೇ ಕಿತ್ತು ತಂದು ವೈನಿ ಚಿಪ್ಪಿನ ಹಣೆಗೆ ಒತ್ತಿದಳು. ಈಗ ಇದು ಮುತ್ತೈದೆ ಎಂದು ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಪಂಚಮಿಯ ದಿನ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದರು. ವೈನಿ ಕೂತಳು, ಆದರೆ ಜೀಕಲಿಲ್ಲ, ಕಾಲು ನೆಲಕ್ಕೇ ಊರಿದ್ದಳು. ಸಂಜೆಗೆ ಮುಂಚೆ ನಾನು ಬೇಡಿಕೊಳ್ಳುತ್ತಿದ್ದದ್ದು ಆಯಿತು, ಕರೆಂಟು ಹೋಯಿತು. ಮಗ್ಗಗಳು ಒಂದರ ಹಿಂದೊಂದು ಸುಮ್ಮನಾದವು. ಓಡಿಹೋಗಿ ಬೋರ್ಡಿಗೆ ಟಾರ್ಚಿನ ಸೆಲ್ಲು ಹಚ್ಚಿದೆ, ಗುಂಡಿ ಒತ್ತಿದೆ. ತೆಳುವಾದ, ಮೂಗಿನಲ್ಲಿ ಹಾಡಿದಂಥ ದನಿ ಹೊರಟಿತು. ಒಂದು ಸ್ವರವನ್ನೂ ಮರೆತಿರಲಿಲ್ಲ.

ಹಾಡು ಪಲ್ಲವಿಯ ಆ ತಪ್ಪು ಜಾಗಕ್ಕೆ ಬಂತು. ಮೂರರ ಬದಲು ನಾಲ್ಕಕ್ಕೆ ಜಿಗಿಯಿತು. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಗುತ್ತಲೇ ಕಣ್ಣಿಂದ ನೀರು ಇಳಿಯುತ್ತಿತ್ತು. ಅವ್ವ ಗಾಬರಿಯಿಂದ ಹತ್ತಿರ ಬಂದು ಏನಾಯಿತೆಂದು ಕೇಳಿದಳು.

“ನಮ್ಮವ್ವ ಯಾವಾಗ್ಲೂ ಇಲ್ಲೇ ತಪ್ಪತಾಳ್ರಿ ಅತ್ತಿ. ಹಿಂಗ ಏರಿಬಿಡತಾಳ. ಊರ ಮಂದಿ ಎಲ್ಲಾ ನಗತಾರ.”

ಅವ್ವ ಸೊಸೆಯನ್ನು ಪಕ್ಕಕ್ಕೆ ಸರಿಸಿ ಜೋಕಾಲಿಯ ಮಣೆಯ ಮೇಲೆ ತಾನೂ ಕೂತು, ಕಾಲಿನಿಂದ ನೆಲ ಒದ್ದಳು.

“ಇನ್ನೊಮ್ಮೆ ಹಚ್ಚವಾ,” ಎಂದಳು ನನಗೆ. “ಬೀಗತಿ ಹಾಡು ಕೇಳೂಣು.”