ಬಂದ್ ಆದ ಮಾಡೆಲ್

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಬಿ.ಎಸ್ಸಿ. ಮಾಡಿದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಸೂಪರ್ ಮಾರ್ಕೆಟ್ಟಿನ ವಾಚಿನ ಅಂಗಡಿಯಲ್ಲಿ ಕೆಲಸ ಸಿಕ್ಕಾಗ ನನ್ನನ್ನು ಕೂಡಿಸಿದ್ದು ಸೆಲ್ಲು, ಬೆಲ್ಟು ಬದಲಿಸುವ ಕಡೆ. ದುಬಾರಿ ಸ್ವಿಸ್ ಕ್ರೋನೋಗ್ರಾಫ್‌ಗಳ ಕೌಂಟರಿಗೆ ಮಾಲಕರೊಬ್ಬರೇ. ಆ ಜಾಗದ ಮೇಲೆ ನನ್ನ ಕಣ್ಣಿತ್ತು. ಗಿರಾಕಿಯಿಲ್ಲದ ಹೊತ್ತಿನಲ್ಲಿ ಆ ವಾಚುಗಳ ವಿವರವನ್ನೆಲ್ಲ ಓದಿ, ಪರೀಕ್ಷೆಗೆಂಬಂತೆ ಬಾಯಿಪಾಠ ಮಾಡಿದ್ದೆ.

ಒಂದು ದಿನ ಮಾಲಕರೇ ಅಂದರು: "ನೋಡವ್ವಾ, ಮುಂದಿನ ಗಿರಾಕಿ ನಿನಗ. ನಾ ಬಾಯಿ ಹಾಕದಂಗ ಸಂಭಾಳಿಸಿದ್ರ ಕೌಂಟರ್ ನಿಂದು."

ಕೆಂಪು ಬಾಳೆಹಣ್ಣು ಮಾರಲು ಪೇಟೆಗೆ ಬಂದಿದ್ದ ಅವ್ವ, ಬುಟ್ಟಿ ಖಾಲಿ ಮಾಡಿಕೊಂಡು ಅವತ್ತೇ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ರೋಜಾ ಬಡಾವಣೆ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ಒಳಗೆ ಬಂದರು. ಒಂದೇ ಕಂಪನಿಯ ಎರಡು ವಾಚುಗಳನ್ನು ಅವರ ಮುಂದಿಟ್ಟೆ. ಒಂದು ಈಗ ಬರುತ್ತಿರುವ ಮಾಡೆಲ್, ಇನ್ನೊಂದು ಹಳೆಯದು.

"ಹಳೇದ್ಯಾಕ ತುಟ್ಟಿ?"

"ಅದು ಬಂದ್ ಆಗ್ಯಾದ್ರಿ ಚಾಚಾ."

ಅವ್ವ ಬಗ್ಗಿ ನೋಡಿದಳು. "ಹೌದಲ್ಲ, ಸೆಕೆಂಡಿನ ದೊಡ್ಡ ಮುಳ್ಳು ಅಲುಗಾಡವಲ್ದು! ಬಂದ್ ಬಿದ್ದದ್ದಕ್ಕ ಜಾಸ್ತಿ ರೇಟ್ ಹೇಳ್ತೀಯಲ್ಲ, ನಾಚಿಕಿ ಬರಂಗಿಲ್ಲೇನ್?"

ವ್ಯಾಪಾರಿ ನಕ್ಕರು. "ಅಮ್ಮಾ ಖರೇ ಅಂತಾರ. ಮಾಲಕರ್ನ ಕರಿ, ಬೇಟಿ."

ಮಾಲಕರು ಅರ್ಧ ಎದ್ದಿದ್ದರು. "ನೀವು ಕೂಡ್ರಿ ಸರ್," ಎಂದು ವಾಚಿನ ಬದಿಯ ಎರಡು ಗುಂಡಿಗಳಲ್ಲಿ ಮೇಲಿನದನ್ನು ಒತ್ತಿದೆ. ದೊಡ್ಡ ಮುಳ್ಳು ಓಡತೊಡಗಿತು. ಮತ್ತೆ ಒತ್ತಿದೆ, ನಿಂತಿತು. ಕೆಳಗಿನ ಗುಂಡಿ ಒತ್ತಿದೆ, ಟಕ್ಕನೆ ಹನ್ನೆರಡಕ್ಕೆ ಹಾರಿತು.

"ಇದು ಓಟದ ಟೈಮ್ ಅಳೆಯೋ ಮುಳ್ಳು, ಬೇಕಾದಾಗಷ್ಟೇ ಓಡ್ತದ. ವಾಚ್ ನಡ್ಯಾಕತ್ತದೋ ಇಲ್ಲೋ ಈ ಸಣ್ಣ ಚಕ್ರದಾಗಿನ ಸೆಕೆಂಡ್ ಮುಳ್ಳಿನಾಗ ನೋಡ್ರಿ. ಬಂದ್ ಆಗಿದ್ದು ವಾಚಲ್ಲ, ಫ್ಯಾಕ್ಟರಿಯಾಗ ಈ ಮಾಡೆಲ್ ಮಾಡೋದು. ಇನ್ನ ಸಿಗಂಗಿಲ್ಲ, ಅದಕ್ಕ ತುಟ್ಟಿ."

"ಹಂಗಂತ ಮೊದಲೇ ಹೇಳಬಾರ್ದಾ?" ಅವ್ವನ ಮಾತು.

ನಂತರ ಎರಡನ್ನೂ ವ್ಯಾಪಾರಿಯ ಕೈಗೆ ಕೊಟ್ಟು ಹೋಲಿಸಿ ಹೇಳಿದೆ. ಹಳೆಯದು ತೆಳ್ಳಗೆ, ಕೈಗೆ ಹಗುರ. ಆದರೆ ದಿನಾ ಕೀ ಕೊಡಬೇಕು, ಮುಖದ ಮೇಲಿನದು ಗಾಜಲ್ಲ, ಪ್ಲಾಸ್ಟಿಕ್ ಆದ್ದರಿಂದ ಗೀರು ಬೀಳುತ್ತದೆ, ಬಿಡಿಭಾಗ ಸಿಗುವುದು ಕಷ್ಟ. ಹೊಸದು ದಪ್ಪ, ಭಾರ. ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುತ್ತದೆ, ಗಾಜು ಗಟ್ಟಿ, ಗ್ಯಾರಂಟಿಯೂ ಇದೆ.

"ದಿನಾ ಕಟ್ಟಿಕೊಳ್ಳೋದಾದ್ರ ಹೊಸದು ತಗೋರಿ ಚಾಚಾ. ಹಳೇದಕ್ಕ ನೀರು ತಾಗಬಾರ್ದು. ನಮಾಜಿಗಂತ ಕೈಕಾಲು ತೊಳ್ಕೊಂಡು ವುಜೂ ಮಾಡೋ ಮುಂದ ಪ್ರತಿ ಸಲ ಬಿಚ್ಚಬೇಕಾಗ್ತದ."

"ತುಟ್ಟೀದು ಬಿಟ್ಟು ಸೋವಿದು ತಗೋ ಅಂತೀಯಲ್ಲ, ಮಾಲಕರು ಬೈಯಂಗಿಲ್ಲ?" ಎಂದರು ವ್ಯಾಪಾರಿ.

"ನಾಳೆ ನೀವು ಬಂದು ಬೈಯೋದಕ್ಕಿಂತ ಅದೇ ಚಲೋರಿ."

ಅವರು ಹಳೆಯದನ್ನೇ ಮಣಿಕಟ್ಟಿಗೆ ಕಟ್ಟಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಹಬ್ಬಕ್ಕಷ್ಟೇ ಕಟ್ತೀನಿ. ಇಷ್ಟು ತೆಳ್ಳಂದು ಈಗ ಯಾರು ಮಾಡ್ತಾರ? ಇದೇ ಇರಲಿ." ಮಾಲಕರ ಕಡೆ ಮತ್ತೆ ತಿರುಗಲೇ ಇಲ್ಲ.

ಅವರು ಹೋದ ಮೇಲೆ ಮಾಲಕರು ಕೌಂಟರಿನ ಕೀಲಿಯನ್ನು ನನ್ನ ಕಡೆ ಸರಿಸಿದರು.

ಸಂಜೆ ಕಮಲಾಪುರದ ಬಸ್ಸಿನಲ್ಲಿ ಪಕ್ಕದಾಕೆ ಅವ್ವನನ್ನು ಕೇಳಿದಳು, ಮಗಳು ಏನ್ ಮಾಡ್ತಾಳ ಅಂತ. ಅವ್ವ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ಬಂದ್ ಆದ ವಾಚ್ ಮಾರ್ತಾಳವ್ವ. ಅದೂ ಹೊಸದಕ್ಕಿಂತ ತುಟ್ಟಿ! ಡಿಗ್ರಿ ಓದಿದ್ರಷ್ಟೇ ಬರ್ತದ ಅದು."