ಮುನಿಯಮ್ಮಾಳ್ ಒರೆಸಿದ ಚುಕ್ಕೆಗಳು

ತಮಿಳುಸೀಮೆಯ ಕಂಬಂ ಕಣಿವೆಯಲ್ಲಿ ಮುನಿಯಮ್ಮಾಳಷ್ಟು ಶುಚಿಯ ಹೆಂಗಸು ಇನ್ನೊಬ್ಬಳಿರಲಿಲ್ಲ. ಆ ಶುಚಿಯೇ ಅವಳಿಗೆ ಮುಳುವಾಯಿತು ಅಂದರೆ ನಂಬುತ್ತೀರಾ?

ಅಣ್ಣನ ತಾಯಿಯಿಲ್ಲದ ಮಗ ಅಳಗರನನ್ನು ಸಾಕಿದವಳು ಇವಳೇ. ಹುಡುಗ ಬೆಳೆದು, ಪೈರಿಗೆ ಮದ್ದು ಸಿಂಪಡಿಸುವ ವಿಮಾನದ ಪೈಲಟ್ ಆದ. ಅರವತ್ತೇಳನೇ ಇಸವಿಯಲ್ಲಿ ಊರ ಗದ್ದೆಗಳ ಮೇಲೆಯೇ ಅವನ ಪರೀಕ್ಷೆ ಗೊತ್ತಾಯಿತು. ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ.

ಪರೀಕ್ಷಕ ರಂಗಸಾಮಿ ಬತ್ತಲಗುಂಡು ಊರಿನವರು, ಇವರ ಹಾಗೇ ಮನೆಮಾತು ಕನ್ನಡ. ಆದರೆ ಲೆಕ್ಕದಲ್ಲಿ ನೆಂಟಸ್ತಿಕೆ ಇಲ್ಲ! ವಿಮಾನದ ದಾರಿಗೆ ಅಡ್ಡಲಾಗಿ ಬದುವಿನುದ್ದಕ್ಕೂ ಬಿಳಿ ಕಾರ್ಡು ಇಡಿಸುವರು. ಮೇಲಿಂದ ಮದ್ದಿನ ಬದಲು ಕೆಂಪು ನೀರು ಬಿದ್ದ ಮೇಲೆ ಒಂದೊಂದರ ಚುಕ್ಕೆ ಎಣಿಸಿ, ಸರಾಸರಿ ತೆಗೆದು, ಯಾವುದು ಎಷ್ಟು ಹೆಚ್ಚುಕಮ್ಮಿ ಎಂದು ನೋಡುವರು. ಎಲ್ಲ ಕಡೆ ಸಮವಾಗಿ ಬಿದ್ದಿದ್ದರೆ ಪೈಲಟನ ಕೈ ಪಳಗಿದೆ ಎಂದರ್ಥ.

ಅಳಗರ್ ಹಾರಿಹೋದ. ಕಾರ್ಡು ಆಯಲು ತಾನೇ ಬರುವೆನೆಂದು ಹಟ ಹಿಡಿದಿದ್ದ ಮುನಿಯಮ್ಮಾಳ್ ಗದ್ದೆಗೆ ಇಳಿದಳು. ದೊಡ್ಡ ಆಫೀಸರ ಕೈಗೆ ಕೊಳೆ ಕಾಗದ ಕೊಡುವುದುಂಟೇ? ಹಸಿ ಚುಕ್ಕೆಗಳನ್ನೆಲ್ಲ ಸೆರಗಿನಿಂದ ಒರೆಸಿ, ಅಚ್ಚುಕಟ್ಟಾಗಿ ಜೋಡಿಸಿ ತಂದುಕೊಟ್ಟಳು.

ರಂಗಸಾಮಿ ಹಣೆ ಚಚ್ಚಿಕೊಂಡರು. "ಏನಮ್ಮಾ ಇದು! ನಾನೀಗ ಏನನ್ನ ಎಣಿಸ್ಲಿ?"

"ಕೊಳೆ ಅಂತ ಒರಸ್ದೆ ಸಾಮಿ!"

"ಲೆಕ್ಕ ಇಲ್ದೆ ಪಾಸು ಹಾಕಕ್ಕಾಗಲ್ಲ. ಬೇರೆ ಕಾರ್ಡೂ ಇಲ್ಲ. ನಾನು ಸಾಯಂಕಾಲ ಹೊರಡ್ಬೇಕು."

ಕೈಯಾರೆ ಸಾಕಿದ ಕೂಸಿನ ಅನ್ನಕ್ಕೆ ಕೈಯಾರೆ ಮಣ್ಣು ಹಾಕಿದೆನಲ್ಲ! ಅಳುತ್ತಲೇ ಮನೆಗೆ ಓಡಿದಳು. ಗಂಡ ಸತ್ತ ಮೇಲೆ ಅವಳು ಉಡುತ್ತಿದ್ದುದು ಬರೀ ಬಿಳಿ. ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಹೊಸ ಸೀರೆ ತಂದು ಬದುವಿನುದ್ದಕ್ಕೂ ಹಾಸಿಬಿಟ್ಟಳು.

"ಬಿಳೀದು ತಾನೆ ಬೇಕು? ಇದ್ರ ಮೇಲೆ ಎಣ್ಸಿ ಸಾಮಿ."

ರಂಗಸಾಮಿ ಗಲ್ಲ ತುರಿಸಿಕೊಂಡರು. ಬಟ್ಟೆಯಲ್ಲಿ ಚುಕ್ಕೆ ಹರಡುತ್ತದೆ, ನಿಜ. ಹರಡಿದರೆ ಎಲ್ಲ ಕಡೆಯೂ ಒಂದೇ ಥರ ಹರಡುತ್ತದಲ್ಲ! ನಕ್ಕು ಒಪ್ಪಿದರು.

ಅಳಗರ್ ಮತ್ತೆ ಹಾರಿದ. ರಂಗಸಾಮಿ ಸೀರೆಯ ಮೇಲೆ ಪೆನ್ಸಿಲಿನಿಂದ ಚೌಕ ಹಾಕಿ ಎಣಿಸತೊಡಗಿದರು. ಮುನಿಯಮ್ಮಾಳ್ ನೋಡಲಾರದೆ ಬೆನ್ನು ತಿರುಗಿಸಿ ಕೂತು, ಗೊತ್ತಿದ್ದ ದೇವರನ್ನೆಲ್ಲ ಕರೆದಳು.

"ಒಂದು ಅಂಚಲ್ಲಿ ಸ್ವಲ್ಪ ತೆಳು," ಎಂದರು ರಂಗಸಾಮಿ ಕೊನೆಗೆ. "ಆದ್ರೂ ಪಾಸೇ ಕಣಮ್ಮಾ. ಒಳ್ಳೇ ಕೈ."

ವಿಮಾನ ಇಳಿಸಿ ಓಡಿಬಂದ ಅಳಗರನ ಕಣ್ಣು ಸೀರೆಯ ಮೇಲೇ ಬಿತ್ತು. "ಅತ್ತೇ, ಹೊಸ ಸೀರೆ ಹಾಳಾಯ್ತಲ್ಲ!"

"ಹಾಳೆಲ್ಲಾಯ್ತು ನನ್ನ ಕಣ್ಣೇ? ನಿಮ್ಮ ಮಾವ ಹೋದ್ಮೇಲೆ ನನ್ನ ಸೀರೆಗೆ ಬಣ್ಣ ಹಾಕ್ದೋನು ನೀನೊಬ್ನೇ."

ಮುನಿಯಮ್ಮಾಳ್ ಅದನ್ನೇ ಹೊದ್ದುಕೊಂಡು ಪೇಟೆಬೀದಿಯ ನಟ್ಟನಡುವೆ ಮನೆಗೆ ನಡೆದಳು.